ಮೌಸ್ ಮುಟ್ಟದ ವರ

ದೊಡ್ಡಬಳ್ಳಾಪುರದ ಶಶಿಕುಮಾರನಿಗೆ ಹೆಣ್ಣು ಸಿಗದಿದ್ದುದಕ್ಕೆ ಕಾರಣ ಅವನ ರೂಪವಲ್ಲ, ಗುಣವಲ್ಲ, ಜಾತಕವಂತೂ ಅಲ್ಲವೇ ಅಲ್ಲ. ಅವನು ಮನೆಯಲ್ಲೇ ಕೂತು ಕೆಲಸ ಮಾಡುತ್ತಾನೆ ಎಂಬುದೊಂದೇ ಕಾರಣ. ಕೆಳಗೆ ಅಪ್ಪ ಕೋದಂಡರಾಮಯ್ಯನವರ ಪವರ್‌ಲೂಮುಗಳು ಖಟಾಖಟ್ ಎಂದು ಬಡಿಯುತ್ತಿದ್ದರೆ, ಮೇಲಿನ ಕೋಣೆಯಲ್ಲಿ ಮಗ ಲುಂಗಿ ಉಟ್ಟುಕೊಂಡು ಯಲಹಂಕದ ಸಣ್ಣದೊಂದು ಕಂಪನಿಗೆ ಪ್ರೋಗ್ರಾಮ್ ಬರೆಯುತ್ತಿದ್ದ. ಹೆಣ್ಣಿನ ಕಡೆಯವರು ಬರುತ್ತಿದ್ದರು, ಲುಂಗಿ ನೋಡುತ್ತಿದ್ದರು, ಕಾಫಿ ಕುಡಿದು "ಫೋನ್ ಮಾಡ್ತೀವಿ" ಎಂದು ಹೊರಡುತ್ತಿದ್ದರು. ಈ ಮಾತಿನ ಅರ್ಥ ಗಂಡು ಹೆತ್ತವರಿಗೆಲ್ಲ ಗೊತ್ತು. ಆ ಫೋನು ಬಂದದ್ದು ಇತಿಹಾಸದಲ್ಲೇ ಇಲ್ಲ.

ಹಾಗೆಂದು ಶಶಿಕುಮಾರ ಕುಗ್ಗಿದವನೇ? ಶಿವ ಶಿವಾ! ಅವನಿಗಿದ್ದ ಹೆಮ್ಮೆಯನ್ನು ತಾಲ್ಲೂಕಿಗೆಲ್ಲ ಹಂಚಿದರೂ ಮಿಗುತ್ತಿತ್ತು. ಅದರ ಮೂಲ ಅವನ ಕೀಬೋರ್ಡು. ಪ್ರೋಗ್ರಾಮ್ ಬರೆಯುವವರು ಎಡಿಟರ್ ಎಂಬುದರೊಳಗೆ ಬರೆಯುತ್ತಾರಷ್ಟೆ. ಅದರಲ್ಲಿ ಸೇವ್ ಮಾಡುವುದಕ್ಕೆ ಇಂಥ ಎರಡು ಕೀ, ಹುಡುಕುವುದಕ್ಕೆ ಇಂಥವು, ಅಳಿಸಿದ್ದನ್ನು ವಾಪಸ್ ತರಲು ಇಂಥವು ಎಂದು ಅದನ್ನು ಮಾಡಿದವರೇ ಗೊತ್ತು ಮಾಡಿಟ್ಟಿರುತ್ತಾರೆ. ಲೋಕವೆಲ್ಲ ಕೊಟ್ಟದ್ದನ್ನು ಕೊಟ್ಟ ಹಾಗೇ ಬಳಸಿಕೊಂಡು ಸಂಸಾರ ಮಾಡಿಕೊಂಡಿದೆ. ಬೇಕಾದರೆ ಆ ಕೀಗಳನ್ನು ಬದಲಾಯಿಸಿಕೊಳ್ಳಬಹುದು ಎಂದು ಎಡಿಟರಿನಲ್ಲೇ ಒಂದು ಮೂಲೆಯಲ್ಲಿ ಬರೆದಿರುತ್ತದೆ. ಅದನ್ನು ಓದುವವರು ಕಡಿಮೆ, ಓದಿ ಸುಮ್ಮನಿರುವವರು ಹೆಚ್ಚು. ಶಶಿಕುಮಾರ ಓದಿದ, ಸುಮ್ಮನಿರಲಿಲ್ಲ.

"ಯಾರ್ದೋ ಅಳತೆಗೆ ಹೊಲಿದಿರೋ ಅಂಗಿ ನಾನ್ಯಾಕೆ ಹಾಕ್ಕೊಳ್ಲಿ?" ಎಂದುಕೊಂಡು ಒಂದೊಂದೇ ಕೀ ಬದಲಾಯಿಸತೊಡಗಿದ. ಸ್ಕೂಲಿನ ರಜದಲ್ಲಿ ಅಪ್ಪನ ಮಗ್ಗದ ಮುಂದೆ ನಿಂತು ಬೆಳೆದ ಹುಡುಗ ಅವನು. ಎಳೆ ಕಡಿದ ತಕ್ಷಣ ಎಡಗೈ ಮಗ್ಗದ ಹಿಡಿಗೆ ಹೋಗಿ ಅದನ್ನು ನಿಲ್ಲಿಸಬೇಕು. ಆ ಅಭ್ಯಾಸ ರಕ್ತದಲ್ಲೇ ಇತ್ತು. ಅದಕ್ಕೇ ಸೇವ್ ಮಾಡುವುದನ್ನು ಎಡತುದಿಗೆ ತಂದ. ಅದು ಎಡಕ್ಕೆ ಬಂದ ಮೇಲೆ ಅಲ್ಲಿದ್ದದ್ದು ಮೇಲಕ್ಕೆ ಹೋಗಬೇಕಾಯಿತು, ಮೇಲಿದ್ದದ್ದು ಬಲಕ್ಕೆ. ಹಬ್ಬಕ್ಕೆ ಮನೆ ಸಾಮಾನು ಸರಿಸಿದ ಹಾಗೆ ಸರಿಸುತ್ತಾ ಸರಿಸುತ್ತಾ ಕೊನೆಗೆ ಹಳೆಯ ಜಾಗದಲ್ಲಿ ಒಂದು ಕೀಯೂ ಉಳಿಯಲಿಲ್ಲ. ಎಲ್ಲ ಕೆಲಸವೂ ಬೆರಳಲ್ಲೇ ಆಗತೊಡಗಿದಾಗ ಮೌಸಿಗೆ ವೈರು ಸುತ್ತಿ ಅಟ್ಟಕ್ಕೆಸೆದ. ಒಮ್ಮೆ ಆಫೀಸಿಗೆ ಹೋಗಿದ್ದಾಗ ಅಲ್ಲಿನ ಯಶಸ್ವಿನಿ ಎಂಬ ಹುಡುಗಿ ಪಾಪ, ಅವನ ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ಕಾಪಿ ಮಾಡಲು ಹೋಗಿ ಇಡೀ ಎಡಿಟರನ್ನೇ ಮುಚ್ಚಿಬಿಟ್ಟಳು. "ಇದೇನ್ ಶಶಿ, ಮಾಟ ಮಾಡಿಸಿಟ್ಟಿದೀಯಾ?" ಎಂದು ಎದ್ದು ಹೋದಳು. ಶಶಿಕುಮಾರ ಆವತ್ತು ಮನೆಗೆ ಬಂದು ಒಬ್ಬಟ್ಟು ಮಾಡಿಸಿಕೊಂಡು ತಿಂದ.

ಮಗನ ಹೆಮ್ಮೆ ಅಪ್ಪನಿಗೆ ಅಂಟದೆ ಇರುತ್ತದೆಯೇ? ಹೊಸಕೋಟೆಯಲ್ಲಿ ನೆಂಟರ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ಒಬ್ಬರು ತಮ್ಮ ಮಗ ಕೆನಡಾದಲ್ಲಿದ್ದಾನೆ ಎಂದರು, ಇನ್ನೊಬ್ಬರು ತಮ್ಮ ಅಳಿಯ ಏರ್‌ಪೋರ್ಟಿನಲ್ಲಿದ್ದಾನೆ ಎಂದರು. ಕೋದಂಡರಾಮಯ್ಯ ಪಾಯಸದ ಎಲೆಯಿಂದ ತಲೆಯೆತ್ತಿ, "ನನ್ ಮಗ ಮೌಸ್ ಮುಟ್ಟಲ್ಲ" ಎಂದರು.

ಕೆನಡಾದವರ ಅಪ್ಪ ಊಟ ಬಿಟ್ಟು ಇವರ ಕಡೆ ತಿರುಗಿದರು.

"ಮುಟ್ಟೋದೇ ಇಲ್ವಾ?"

"ಇಲ್ಲ. ಮೌಸ್ ಅನ್ನೋ ಮಾತೇ ಇಲ್ಲ ನಮ್ಮನೇಲಿ."

"ಯಾಕಣ್ಣಾ? ಏನಾದ್ರೂ ಹರಕೆನಾ?"

ಹೆಂಗಸರ ಪಂಕ್ತಿಯಲ್ಲಿದ್ದ ಶಶಿಕುಮಾರನ ತಾಯಿ ಮುನಿಲಕ್ಷ್ಮಮ್ಮನ ಕಡೆ ಎಲ್ಲರೂ ತಿರುಗಿದರು. ಆಕೆಯ ಬಾಯಲ್ಲಿ ಆಗಷ್ಟೇ ಇಟ್ಟ ಹೋಳಿಗೆಯಿತ್ತು. ಮಾತಾಡಲಾರದೆ "ಹ್ಞೂಂ" ಎಂದು ತಲೆಯಾಡಿಸಿದರು. ಅಷ್ಟೇ ಸಾಕಾಯಿತು. ಮೊಸರನ್ನ ಬರುವಷ್ಟರಲ್ಲಿ ಅದು ಘಾಟಿ ಸುಬ್ರಹ್ಮಣ್ಯನ ಹರಕೆಯಾಗಿತ್ತು, ತಾಂಬೂಲ ಕೊಡುವಷ್ಟರಲ್ಲಿ ಮೂರು ತಲೆಮಾರಿನ ಹರಕೆಯಾಗಿತ್ತು. ಮೂರು ತಲೆಮಾರಿನ ಹಿಂದೆ ಮೌಸ್ ಎಲ್ಲಿತ್ತು ಎಂದು ಕೇಳುವ ಪುಣ್ಯಾತ್ಮ ಆ ಪಂಕ್ತಿಯಲ್ಲಿ ಒಬ್ಬನೂ ಇರಲಿಲ್ಲ.

ಮನೆಗೆ ಬಂದ ಮೇಲೆ ಶಶಿಕುಮಾರ ರೇಗಿದ. "ಅಮ್ಮಾ, ಹರಕೆ ಅಂತ ಯಾಕೆ ಹೇಳ್ದೆ?"

"ನಾನೆಲ್ಲೋ ಹೇಳ್ದೆ? ಬಾಯ್ತುಂಬ ಹೋಳಿಗೆ ಇತ್ತು! ಇರ್ಲಿ ಬಿಡು. ಕೆಲಸ ಇಲ್ದೆ ಮನೇಲಿ ಕೂತವ್ನೆ ಅನ್ನೋ ಬದ್ಲು ಹರಕೆ ಹೊತ್ತವ್ನೆ ಅಂದ್ರೆ ಏನ್ ನಷ್ಟ?"

ನಷ್ಟವೇನೂ ಕಾಣಿಸಲಿಲ್ಲ. ಬದಲಿಗೆ, ಅಲ್ಲಿಯವರೆಗೂ ಇವರ ಮನೆಯ ಕಡೆ ತಲೆ ಹಾಕದಿದ್ದ ಮದುವೆ ದಲ್ಲಾಳಿ ಚಿನ್ನಸ್ವಾಮಿ ಪಂಚಾಂಗದ ಚೀಲ ನೇತುಹಾಕಿಕೊಂಡು ತಾನೇ ಬಂದ. "ಗುರು, ನಿನ್ನ ಹರಕೆ ವಿಷ್ಯ ಕೇಳ್ದೆ. ಹಾವಿಗೂ ಇಲಿಗೂ ಆಗ್ಬರಲ್ಲ ನೋಡು, ಸುಬ್ಬಪ್ಪನ ಒಕ್ಕಲು ಮೌಸ್ ಮುಟ್ಟದೇ ಇರೋದೇ ಸರಿ. ಇಲ್ಲೇ ಪಕ್ಕದ ವಿಜಯಪುರದಾಗೆ ಒಂದು ಸಂಬಂಧ ಐತೆ. ಹುಡುಗಿ ಮೇಘನ. ನಿನ್ ಥರಾನೇ ಕಂಪ್ಯೂಟರ್ ಬರೀತಾಳೆ, ಅದೂ ಮನೇಲೇ ಕೂತ್ಕೊಂಡು."

ಮನೆಯಲ್ಲೇ ಕೂತು! ಶಶಿಕುಮಾರನಿಗೆ ಫೋಟೋ ನೋಡುವ ಮೊದಲೇ ಅರ್ಧ ಒಪ್ಪಿಗೆಯಾಯಿತು. ಫೋಟೋ ನೋಡಿದ ಮೇಲೆ ಇನ್ನರ್ಧವೂ ಆಯಿತು. ಹಿರಿಯರು ಇಬ್ಬರಿಗೂ ಫೋನಿನಲ್ಲಿ ಮಾತಾಡಲು ಬಿಟ್ಟರು. ಊರು, ತಿಂಡಿ, ಬಣ್ಣ ಎಂದು ಮಾತಾಡುವ ಸಮಯದಲ್ಲಿ ಇವನು ಕೇಳಿದ್ದು, ಯಾವ ಎಡಿಟರ್ ಬಳಸುತ್ತೀರಿ ಎಂದು. ಇಬ್ಬರದೂ ಒಂದೇ ಎಡಿಟರ್! ಅಷ್ಟು ಗೊತ್ತಾಗಿದ್ದೇ ತಡ, ತನ್ನ ಕೀಗಳ ಪುರಾಣವನ್ನು ಮೊದಲಿಂದ ಕೊನೆಯವರೆಗೆ ಓದಿಬಿಟ್ಟ. "ನನ್ ಸ್ಪೀಡು ನೋಡಿದ್ರೆ ನೀವು ಬೆಚ್ಚಿಬೀಳ್ತೀರ. ಮೌಸ್ ಇಟ್ಕೊಂಡು ಕೆಲ್ಸ ಮಾಡೋರನ್ನ ಕಂಡ್ರೆ ನಂಗೆ ಅಯ್ಯೋ ಪಾಪ ಅನ್ಸುತ್ತೆ."

ಆ ಕಡೆಯಿಂದ ಮೇಘನ, "ಹೌದಾ?" ಎಂದಳು. ಅಷ್ಟೇ ಎಂದಳು.

ಮರುವಾರ ಶಶಿಕುಮಾರ ಪ್ಯಾಂಟು ಹಾಕಿಕೊಂಡು ಅಪ್ಪ, ಅಮ್ಮ, ಚಿನ್ನಸ್ವಾಮಿಯ ಜೊತೆ ವಿಜಯಪುರಕ್ಕೆ ಹೊರಟ. ಇದೊಂದು ಸಂಬಂಧ ತಪ್ಪಿದರೆ ಇಂಥ ಹುಡುಗಿ ಏಳೇಳು ಜನ್ಮಕ್ಕೂ ಸಿಗುವುದಿಲ್ಲ ಎಂದು ಅವನಿಗೆ ಮನದಟ್ಟಾಗಿತ್ತು. ದಾರಿಯುದ್ದಕ್ಕೂ ದೇವರನ್ನು ನೆನೆದ. ಘಾಟಿ ಸುಬ್ರಹ್ಮಣ್ಯನನ್ನು ಮಾತ್ರ ನೆನೆಯಲು ಧೈರ್ಯವಾಗಲಿಲ್ಲ.

ಮೇಘನಳ ಮನೆಯಲ್ಲಿ ಎಲ್ಲರಿಗಿಂತ ದೊಡ್ಡವರು ಅಜ್ಜಿ ಅಕ್ಕಯ್ಯಮ್ಮ. ಹಜಾರದ ನಡುವೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಬಂದವರಿಗೆ ನೀರು ಕೊಟ್ಟರು, ಬೆಲ್ಲ ಕೊಟ್ಟರು, ನಂತರ ಅಜ್ಜಿ ಕೈ ಎತ್ತಿದರು.

"ನೋಡಪ್ಪ ಮಗಾ, ನಮ್ ಮನೇಲಿ ಹುಡುಗನ ಮಾತು ಕೇಳಲ್ಲ, ಕೈ ನೋಡ್ತೀವಿ. ನನ್ ಯಜಮಾನ್ರು ನನ್ನ ನೋಡೋಕ್ ಬಂದಾಗ ನಮ್ಮಪ್ಪ ಅವರನ್ನ ನಮ್ ಮಗ್ಗದಾಗೆ ಕೂರ್ಸಿ ಒಂದು ಗೇಣು ನೇಯ್ಸಿದ್ರು. ಅಂಚು ನೆಟ್ಟಗೆ ಬಂತು, ಹೆಣ್ಣು ಕೊಟ್ರು. ನನ್ ಮಗಳ ಮದ್ವೇಲೂ ಹಂಗೇ. ಹೆಣ್ಣು ಮನೆ ಮಗ್ಗದಾಗೆ ಒಂದು ಗೇಣು. ಮುಗಿಯೋಗಂಟ ಹುಡುಗ ಏಳಂಗಿಲ್ಲ, ಹುಡುಗಿ ಹೊರಗ್ ಬರಂಗಿಲ್ಲ."

ಕೋದಂಡರಾಮಯ್ಯನವರಿಗೆ ಆನಂದವಾಯಿತು. "ಅದಕ್ಕೇನಂತೆ ತಾಯಿ, ನಮ್ಮುಡುಗ ಮಗ್ಗದ ಮನೇಲೇ ಹುಟ್ಟಿದೋನು."

"ಮಗ್ಗ ಯಾಕೆ? ಅವನ ಕಸುಬು ಅದಲ್ಲವಲ್ಲ. ಕಂಪ್ಯೂಟರ್ ನೇಯ್ಲಿ. ಸುನೀಲಾ, ತಗೊಂಬಾರೋ."

ಸುನಿಲ್‌ಕುಮಾರ್ ಎಂದರೆ ಅಜ್ಜಿಯ ಕಿರಿಯ ಮಗ, ಮೇಘನಳ ಚಿಕ್ಕಪ್ಪ. ಯಾವುದೋ ಕಚೇರಿಯಲ್ಲಿ ಟೈಪಿಂಗ್ ಮಾಡುತ್ತಿದ್ದುದರಿಂದ ಮನೆಯ ಮಟ್ಟಿಗೆ ಕಂಪ್ಯೂಟರ್ ಪಂಡಿತ. ಒಳಗಿಂದ ಮೇಘನಳ ಲ್ಯಾಪ್‌ಟಾಪನ್ನು ಮಂಗಳಾರತಿ ತಟ್ಟೆಯಷ್ಟು ಜೋಪಾನವಾಗಿ ತಂದು ಸ್ಟೂಲಿನ ಮೇಲಿಟ್ಟ. ಇಟ್ಟು, ಕೈಕಟ್ಟಿ ನಿಂತು ಹೇಳಿದ:

"ನಿಮ್ಮ ಹರಕೆ ವಿಷ್ಯ ಚಿನ್ನಸ್ವಾಮಿ ಹೇಳಿದಾರೆ. ಬೆಳಗ್ಗೆನೇ ಮೌಸ್‌ನ ಪಕ್ಕದ್ಮನೆಗೆ ಕಳಿಸ್ಬಿಟ್ಟಿದೀವಿ. ಆಮೇಲೆ ಮೇಘನನ್ನ ಕೇಳ್ದೆ, ಇದರೊಳಗೆ ಇನ್ನೊಂದು ಮೌಸ್ ಏನಾದ್ರೂ ಐತಾ ಅಂತ. ಈ ಚೌಕ ಐತಲ್ಲ, ಇದ್ರ ಮೇಲೆ ಬೆರಳು ಆಡ್ಸಿದ್ರೆ ಮೌಸ್ ಇದ್ದಂಗೇನೆ ಅಂದ್ಲು. ಅದಕ್ಕೇ ಅಮ್ಮನೇ ಮುಚ್ಚಿದಾರೆ."

ಶಶಿಕುಮಾರ ಬಗ್ಗಿ ನೋಡಿದ. ಟಚ್‌ಪ್ಯಾಡಿನ ಮೇಲೆ ಅಗಲವಾದೊಂದು ವೀಳ್ಯದೆಲೆ. ಸುತ್ತಲೂ ಸೆಲ್ಲೋಟೇಪು. ಎಲೆಯ ನಡುವೆ ಕುಂಕುಮ.

"ಬೆರಳು ತಪ್ಪಿ ತಗುಲಿಬಿಟ್ರೆ ಪಾಪ ಅಲ್ವಾ ಮಗಾ," ಎಂದರು ಅಜ್ಜಿ. "ದೇವರ ವಿಷ್ಯದಾಗೆ ಹುಡುಗಾಟ ಆಡ್ಬಾರ್ದು."

ಮುನಿಲಕ್ಷ್ಮಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಚಿನ್ನಸ್ವಾಮಿ ಮಾತ್ರ "ಎಂಥಾ ಭಕ್ತಿ, ಎಂಥಾ ಭಕ್ತಿ" ಎಂದು ಕೆನ್ನೆ ಬಡಿದುಕೊಂಡ.

ಸುನಿಲ್‌ಕುಮಾರ್ ಪರೀಕ್ಷೆ ಕೊಟ್ಟ. "ನಮ್ಮಮ್ಮನ ಹೆಸರು ಸಾಲು ಸಾಲಾಗಿ ಪರದೆ ತುಂಬ ಬರೋ ಹಂಗೆ ಒಂದು ಪ್ರೋಗ್ರಾಮ್ ಬರೀರಿ."

ಇಷ್ಟೇನಾ! ಶಶಿಕುಮಾರನ ಎದೆ ಉಬ್ಬಿತು. ಇದು ಅವನಿಗೆ ಕಾಫಿ ಆರುವ ಮುಂಚೆ ಮುಗಿಯುವ ಕೆಲಸ. ಎಡಿಟರು ತೆರೆದಿತ್ತು, ಮೇಘನ ಅವನಿಗೆಂದೇ ಖಾಲಿ ಹಾಳೆ ಬಿಟ್ಟಿದ್ದಳು. ಬೆರಳು ಮುರಿದುಕೊಂಡು, ಸಭೆಯನ್ನೊಮ್ಮೆ ನೋಡಿ, ಪಟಪಟನೆ ಬರೆದ. ಸುತ್ತ ನೆರೆದವರು "ಅಬ್ಬಬ್ಬಾ" ಎಂದರು. ಬರೆದು ಮುಗಿಸಿದವನೇ ತನ್ನ ಜನ್ಮದ ಅಭ್ಯಾಸದಂತೆ ಎಡತುದಿಯ ಕೀಗಳನ್ನು ಫಟ್ಟನೆ ಒತ್ತಿದ, ಸೇವ್ ಮಾಡಲು.

ಬರೆದದ್ದು ಮಾಯವಾಯಿತು. ಆ ಜಾಗದಲ್ಲಿ ಮೇಘನಳ ಆಫೀಸಿನ ಕೆಲಸ, ಉದ್ದಾನುದ್ದ ಪ್ರೋಗ್ರಾಮು, ಬಂದು ನಿಂತುಕೊಂಡಿತು.

ಆಗ ನೆನಪಾಯಿತು ಮಹಾರಾಯನಿಗೆ: ತಾನು ಬದಲಾಯಿಸಿದ್ದು ತನ್ನ ಎಡಿಟರಿನ ಕೀಗಳನ್ನು. ಇದು ಬೇರೆಯವರದು. ಇಲ್ಲಿ ಲೋಕವೆಲ್ಲ ಬಳಸುವ ಹಳೆಯ ಕೀಗಳೇ ಇರುತ್ತವೆ. ಅವು ಯಾವುವು? ನೆನಪಿಸಿಕೊಂಡು ನೋಡಿದ. ತಲೆಯಲ್ಲಿ ಮಸುಕು ಮಸುಕಾಗಿ ಇದ್ದದ್ದನ್ನು ಒತ್ತಿದ. ಅಕ್ಷರಗಳು ಒಮ್ಮೆಗೇ ಕುಂಬಳಕಾಯಿ ಗಾತ್ರಕ್ಕೆ ಊದಿಕೊಂಡವು.

"ಆಹಾ! ಈಗ ಕನ್ನಡಕ ಇಲ್ದೇನೇ ಕಾಣ್ತಾ ಐತೆ," ಎಂದರು ಅಕ್ಕಯ್ಯಮ್ಮ. "ವಯಸ್ಸಾದೋರ ಬಗ್ಗೆ ಎಷ್ಟು ಕಾಳಜಿ ನೋಡು ಹುಡುಗಂಗೆ."

ಹಳೆಯ ಕೀಗಳೂ ಹೀಗೆ ಕೈಕೊಡುವುದೆಂದರೇನು! ಅದನ್ನು ಸರಿಪಡಿಸಲು ಇನ್ನೊಂದು ಒತ್ತಿದ. ಪರದೆ ನಡುವೆ ಸೀಳಿ ಎರಡಾಯಿತು. ಗಾಬರಿಯಲ್ಲಿ ಮತ್ತೆ ಒತ್ತಿದ, ನಾಲ್ಕಾಯಿತು. ಮತ್ತೂ ಒತ್ತಿದ, ಎಂಟಾಯಿತು.

ಕೋದಂಡರಾಮಯ್ಯ ತೊಡೆ ತಟ್ಟಿದರು. "ಚೌಕಳಿ! ನೋಡಿ, ನೋಡಿ, ಚೌಕಳಿ ಬಂತು! ರಕ್ತ ಎಲ್ಲೋಗುತ್ತೆ, ನೇಕಾರರ ರಕ್ತ!"

"ಅಂಚು ಬಲು ನೆಟ್ಟಗೈತೆ," ಎಂದು ಯಾರೋ ದನಿಗೂಡಿಸಿದರು. ಸುನಿಲ್‌ಕುಮಾರ್ ಒಬ್ಬನೇ ಹುಬ್ಬು ಗಂಟಿಕ್ಕಿ, "ನಾನು ಹೇಳಿದ್ದು ಹೆಸರು ಬರೀರಿ ಅಂತ" ಎಂದ.

"ಬರೀತಾ ಇದೀನಿ ಸರ್, ಬರೀತಾ ಇದೀನಿ," ಎಂದ ಶಶಿಕುಮಾರ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಮೊದಲೇ ಬರೆದದ್ದನ್ನಾದರೂ ವಾಪಸ್ ತರೋಣವೆಂದು ಇನ್ನೊಂದು ಜೋಡಿ ಒತ್ತಿದ. ಎಡಿಟರುಗಳಲ್ಲಿ ಎಲ್ಲ ಸಾಲುಗಳಲ್ಲೂ ಒಟ್ಟಿಗೇ ಬರೆಯುವ ಸೌಕರ್ಯವೊಂದಿದೆ. ಅದು ಎದ್ದು ಕೂತಿತು. ಇವನಿಗೆ ಗೊತ್ತಾಗಲಿಲ್ಲ. ಅಜ್ಜಿಯ ಹೆಸರನ್ನು ಒಂದೇ ಒಂದು ಸಲ ಟೈಪ್ ಮಾಡಿದ. ಮೇಘನಳ ಆಫೀಸಿನ ಪ್ರೋಗ್ರಾಮಿನ ಪ್ರತಿಯೊಂದು ಸಾಲಿನಲ್ಲೂ, ಕುಂಬಳಕಾಯಿ ಗಾತ್ರದ ಅಕ್ಷರದಲ್ಲಿ, ಎಂಟೂ ಚೌಕಗಳಲ್ಲಿ, ಮೇಲಿಂದ ಕೆಳಗಿನವರೆಗೆ ಅಕ್ಕಯ್ಯಮ್ಮ, ಅಕ್ಕಯ್ಯಮ್ಮ, ಅಕ್ಕಯ್ಯಮ್ಮ.

ಹಜಾರದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಅಜ್ಜಿ ಕುರ್ಚಿಯಿಂದ ಅರ್ಧ ಎದ್ದು ನಿಂತರು. ಕಣ್ಣಲ್ಲಿ ನೀರಾಡಿತು. "ಎಪ್ಪತ್ತು ವರ್ಷ ಮಗ್ಗ ಹೊಡ್ದೆ, ಒಂದು ಸೀರೆ ಮೇಲೂ ನನ್ ಹೆಸರು ಬರಲಿಲ್ಲ. ಇವತ್ತು ನೋಡು!"

ಚಪ್ಪಾಳೆಯ ನಡುವೆ ಶಶಿಕುಮಾರ ಇದನ್ನು ಅಳಿಸಿಬಿಡೋಣವೆಂದು ಮತ್ತೊಂದು ಜೋಡಿ ಒತ್ತಿದ. ಪರದೆಯ ಮೂಲೆಯಲ್ಲಿ ಚಿಕ್ಕದೊಂದು ಪೆಟ್ಟಿಗೆ ಮೂಡಿತು. ಬದಲಾವಣೆಗಳನ್ನು ಕಂಪನಿಗೆ ಕಳಿಸಲಾಗುತ್ತಿದೆ ಎಂದು ಅದರಲ್ಲಿತ್ತು. ಕೆಳಗೊಂದು ಹಸಿರು ಪಟ್ಟಿ ಎಡದಿಂದ ಬಲಕ್ಕೆ ತೆವಳುತ್ತಿತ್ತು. ಪಕ್ಕದಲ್ಲಿ ರದ್ದು ಮಾಡುವ ಗುಂಡಿ.

ಮೇಘನಳ ಕಂಪನಿ ಬೆಂಗಳೂರಿನ ಮನೆಮನೆಗೆ ತರಕಾರಿ ಮುಟ್ಟಿಸುವ ಕಂಪನಿ. ಇದು ಹೋಗಿ ತಲುಪಿತೆಂದರೆ ನಾಳೆ ಊರ ಜನ ಟೊಮ್ಯಾಟೊ ಹುಡುಕಿದರೂ ಅಕ್ಕಯ್ಯಮ್ಮ, ಬೆಂಡೆಕಾಯಿ ಹುಡುಕಿದರೂ ಅಕ್ಕಯ್ಯಮ್ಮ. ಮೇಘನಳ ಕೆಲಸಕ್ಕೆ ಎಳ್ಳುನೀರು. ವಿಜಯಪುರದ ಇಂಟರ್‌ನೆಟ್ಟು ನಿಧಾನವಾಗಿತ್ತು, ಅದೊಂದೇ ಆ ದಿನದ ಪುಣ್ಯ.

"ಮೇಘನ ಅವರನ್ನ ಕರೀರಿ!" ಎಂದು ಕೂಗಿದ. "ಬೇಗ ಕರೀರಿ!"

ಹಜಾರವೆಲ್ಲ ಘೊಳ್ಳೆಂದು ನಕ್ಕಿತು. "ಆತುರ ನೋಡ್ರಪ್ಪಾ!" ಎಂದರು ಅಜ್ಜಿ. "ತಾಳು ಮಗಾ, ಗೇಣು ಮುಗೀಲಿ. ಅಲ್ಲಿ ಹಸಿರು ಅಂಚು ಸಾಗ್ತಾ ಐತಲ್ಲ, ಅದು ಮುಗಿದ್ಮೇಲೆ ಬರ್ತಾಳೆ."

"ಅದು ಮುಗೀಬಾರ್ದು ಅಜ್ಜಿ!"

"ಮುಗೀಲೇಬೇಕು. ಅರ್ಧಕ್ಕೆ ಬಿಟ್ಟು ಎದ್ರೆ ಅಪಶಕುನ."

ಸಿಕ್ಕಿದ ಕೀಗಳನ್ನೆಲ್ಲ ಒತ್ತಿದ. ಪರದೆ ಕಪ್ಪಾಯಿತು, ಬಿಳಿಯಾಯಿತು, ಎಂಟಿದ್ದ ಚೌಕ ಹದಿನಾರಾಯಿತು. ಪಟ್ಟಿ ಮಾತ್ರ ನಿಲ್ಲಲಿಲ್ಲ. ಅರ್ಧ ದಾಟಿತು. ಮುಕ್ಕಾಲಾಯಿತು. ಆ ಗುಂಡಿಯನ್ನು ಒತ್ತಬೇಕು, ಒತ್ತಲು ಬಾಣದ ಗುರುತನ್ನು ಅಲ್ಲಿಗೆ ಒಯ್ಯಬೇಕು, ಒಯ್ಯಲು ಇರುವುದು ಒಂದೇ ದಾರಿ. ವೀಳ್ಯದೆಲೆ ಕುಂಕುಮ ಹೊತ್ತು ಅವನನ್ನೇ ನೋಡುತ್ತಿತ್ತು.

ಮುಟ್ಟಿದರೆ ಹರಕೆ ಸುಳ್ಳೆಂದು ಬಯಲಾಗಿ ಹುಡುಗಿ ಕೈತಪ್ಪುತ್ತಾಳೆ. ಮುಟ್ಟದಿದ್ದರೆ ಹುಡುಗಿಯ ಅನ್ನ ಹೋಗುತ್ತದೆ. ಶಶಿಕುಮಾರ ತಾಯಿಯ ಕಡೆ ನೋಡಿದ. ಮುನಿಲಕ್ಷ್ಮಮ್ಮ ಬೇಡ ಬೇಡ ಎಂದು ಕಣ್ಣಲ್ಲೇ ಗೋಗರೆದರು. ಅವನು ಕಣ್ಮುಚ್ಚಿ, ಸೆಲ್ಲೋಟೇಪಿನ ಸಮೇತ ಎಲೆಯನ್ನು ಪರ್ ಎಂದು ಕಿತ್ತು, ಬೆರಳೂರಿ, ಎಳೆದು, ಒತ್ತಿಯೇ ಬಿಟ್ಟ.

ಹಸಿರು ಪಟ್ಟಿ ನಿಂತಿತು. ರದ್ದಾಗಿದೆ ಎಂದು ಬಂತು.

"ಮುಟ್‌ಬಿಟ್ಟ!" ಎಂದು ಸುನಿಲ್‌ಕುಮಾರ್ ಚೀರಿದ. "ಅಮ್ಮಾ, ಹುಡುಗ ಮೌಸ್ ಮುಟ್‌ಬಿಟ್ಟ! ಹರಕೆ ಮುರುದ್ಬಿಟ್ಟ!"

ಹಜಾರದಲ್ಲಿ ಹಾಹಾಕಾರ. ಯಾರೋ ಅರಿಶಿನದ ನೀರು ತನ್ನಿ ಎಂದರು, ಯಾರೋ ತಪ್ಪಾಯ್ತು ಅಂತ ಕೆನ್ನೆ ಬಡ್ಕೊಳ್ಳಪ್ಪ ಎಂದರು. ಚಿನ್ನಸ್ವಾಮಿ "ನಂಗೇನೂ ಗೊತ್ತಿಲ್ಲ" ಎನ್ನುತ್ತಾ ಚಪ್ಪಲಿ ಬಿಟ್ಟಿದ್ದ ಕಡೆ ಸರಿಯತೊಡಗಿದ. ಶಶಿಕುಮಾರ ಎದ್ದು ಅಜ್ಜಿಯ ಮುಂದೆ ನಿಂತ.

"ಹರಕೆ ಇಲ್ಲ ಅಜ್ಜಿ. ಯಾವತ್ತೂ ಇರ್ಲಿಲ್ಲ."

"ಮತ್ತೆ?"

"ಜಂಬ. ಜಂಬ ಅಷ್ಟೇ."

ಕೋದಂಡರಾಮಯ್ಯ ತಲೆಯೆತ್ತಿ ಫ್ಯಾನಿನ ರೆಕ್ಕೆಗಳನ್ನು ಪರೀಕ್ಷಿಸತೊಡಗಿದರು. ಅಕ್ಕಯ್ಯಮ್ಮನ ಮುಖ ಬಿಗಿಯಿತು. "ಹಂಗಾರೆ ಇಷ್ಟೊತ್ತು ಬಚ್ಚಿಟ್ಕೊಂಡು, ಈಗ್ಯಾಕೆ ಮುಟ್ದೆ?"

"ನಾನು ಬರೆದಿದ್ದು ತಪ್ಪಿ ಮೇಘನ ಅವರ ಕಂಪನಿಗೆ ಹೋಗ್ತಾ ಇತ್ತು ಅಜ್ಜಿ. ಹೋಗಿದ್ರೆ ಅವರ ಕೆಲ್ಸ ಹೋಗ್ತಿತ್ತು. ನಿಮ್ಮ ಹೆಸರು ನಾನು ಬೇಕೂ ಅಂತ ಅಷ್ಟು ಸಲ ಬರೀಲಿಲ್ಲ. ಚೌಕಳಿನೂ ನಾನು ಮಾಡಿದ್ದಲ್ಲ. ಅಕ್ಷರ ದೊಡ್ಡದಾಗಿದ್ದೂ ನಂಗೊತ್ತಿಲ್ಲ. ಒಂದೂ ಕೀ ನಾನು ಹೇಳ್ದಂಗೆ ಕೇಳ್ಲಿಲ್ಲ."

ಇಷ್ಟರಲ್ಲಿ ಗದ್ದಲ ಕೇಳಿ ಕೋಣೆಯ ಬಾಗಿಲು ತೆರೆಯಿತು. ಅರ್ಧ ಮುಡಿದ ಮಲ್ಲಿಗೆ ಭುಜದ ಮೇಲೆ ಇಳಿಬಿದ್ದಿದ್ದ ಹಾಗೇ ಮೇಘನ ಹೊರಬಂದಳು. ಯಾರನ್ನೂ ನೋಡದೆ ನೆಟ್ಟಗೆ ಸ್ಟೂಲಿನ ಮುಂದೆ ಕೂತಳು. ಅವಳ ಬೆರಳು ಓಡಿದ ರಭಸಕ್ಕೆ ಚೌಕಗಳು ಮುಚ್ಚಿದವು, ಅಕ್ಷರ ಕುಗ್ಗಿತು, ಅಕ್ಕಯ್ಯಮ್ಮ ಸಾಲುಸಾಲಾಗಿ ಅಳಿಸಿಹೋದರು, ಆಫೀಸಿನ ಕೆಲಸ ಇದ್ದ ಹಾಗೆ ಬಂದು ಕೂತಿತು. ಟಚ್‌ಪ್ಯಾಡಿನ ಹತ್ತಿರ ಬೆರಳು ಸುಳಿಯಲಿಲ್ಲ. ಶಶಿಕುಮಾರ ಬಾಯಿ ತೆರೆದು ನೋಡುತ್ತಿದ್ದ.

"ಕೀ ಕೇಳ್ಲಿಲ್ಲ ಅಂದ್ರೆ ಅವರ ತಪ್ಪಲ್ಲ ಅಜ್ಜಿ," ಎಂದಳು ತಲೆಯೆತ್ತದೆ. "ಇವು ನನ್ ಕೀಗಳು. ಎಲ್ಲಾನೂ ನಾನೇ ಬದಲಾಯ್ಸಿರೋದು. ಮೊದ್ಲೇ ಹೇಳ್ಬೋದಿತ್ತು. ಫೋನಲ್ಲಿ ಅಷ್ಟು ಕೊಚ್ಕೊಂಡ್ರಲ್ಲ, ನೋಡೋಣ ಅಂತ ಸುಮ್ನಿದ್ದೆ."

ಶಶಿಕುಮಾರನಿಗೆ ಅವಮಾನ ಮರೆತುಹೋಯಿತು, ಸಭೆ ಮರೆತುಹೋಯಿತು, ತಾನು ಸುಳ್ಳು ಹೇಳಿ ಸಿಕ್ಕಿಬಿದ್ದ ವರ ಎಂಬುದೇ ಮರೆತುಹೋಯಿತು. "ನೀವೂನಾ? ಎಲ್ಲಾನೂನಾ? ಸೇವ್ ಎಲ್ಲಿಟ್ಟಿದೀರಿ?"

"ಬಲಗಡೆ ತುದೀಲಿ."

"ಬಲಗಡೆನಾ! ಯಾರಾದ್ರೂ ಸೇವ್‌ನ ಬಲಗಡೆ ಇಡ್ತಾರೇನ್ರೀ? ಎಳೆ ಕಡಿದ್ರೆ ಎಡಗೈ ತಾನೇ ಹೋಗೋದು?"

"ಅದು ನಿಮ್ ಪವರ್‌ಲೂಮಲ್ಲಿ. ನಮ್ದು ಕೈಮಗ್ಗದ ಮನೆ. ನಮ್ಮಜ್ಜಿ ಲಾಳಿ ಹಗ್ಗ ಎಳೀತಿದ್ದಿದ್ದು ಬಲಗೈಲಿ. ಚಿಕ್ಕೋಳಿದ್ದಾಗ ಪಕ್ಕದಲ್ಲೇ ಕೂತ್ಕೊಂಡು ನೋಡಿದೀನಿ. ಅದಕ್ಕೇ ಬಲಗಡೆ."

ಅಕ್ಕಯ್ಯಮ್ಮ ಗಕ್ಕನೆ ಮೊಮ್ಮಗಳ ಕಡೆ ತಿರುಗಿದರು. ತಮ್ಮ ಬಲಗೈಯನ್ನು ಒಮ್ಮೆ ತಿರುವಿ ನೋಡಿಕೊಂಡರು. ಹುಡುಗ ಹುಡುಗಿ ಅವರ ಕಡೆ ನೋಡುತ್ತಲೇ ಇರಲಿಲ್ಲ. ಹುಡುಕುವ ಕೀ ಮೇಲಿರಬೇಕೋ ಕೆಳಗಿರಬೇಕೋ ಎಂದು ಜಗಳಕ್ಕೆ ಬಿದ್ದಿದ್ದರು. "ಅದು ಶುದ್ಧ ತಪ್ಪು," ಎಂದು ಇವನು, "ನಿಮ್ದೇ ತಪ್ಪು," ಎಂದು ಅವಳು. ಒಬ್ಬರಾಡಿದ್ದೂ ಒಂದಕ್ಷರ ಅರ್ಥವಾಗದೆ ಎರಡೂ ಕಡೆಯ ನೆಂಟರು ಒಮ್ಮೆ ಈ ಮುಖ, ಒಮ್ಮೆ ಆ ಮುಖ ನೋಡುತ್ತಿದ್ದರು.

"ಸಾಕು ಮಾಡ್ರಿ," ಎಂದರು ಅಜ್ಜಿ. "ನೋಡಪ್ಪ, ಜಂಬ ತಪ್ಪಲ್ಲ. ಜಂಬ ಇಲ್ದೋನ ಕೈಲಿ ಅಂಚು ನೆಟ್ಟಗೆ ಬರಲ್ಲ. ನನ್ ಮೊಮ್ಮಗಳಿಗೂ ಐತೆ, ನಂಗೂ ಐತೆ. ಹುಡುಗಿ ಅನ್ನ ಉಳ್ಸೋಕೆ ಅದನ್ನ ಎಲ್ಲರ ಮುಂದೆ ಬಿಟ್ಟೆಯಲ್ಲ, ಅದು ನಂಗೆ ಹಿಡಿಸ್ತು. ಹೆಣ್ಣು ಕೊಡ್ತೀವಿ."

ಮುನಿಲಕ್ಷ್ಮಮ್ಮ "ನನ್ ತಾಯಿ!" ಎಂದು ಅತ್ತೇಬಿಟ್ಟರು.

"ಇರಮ್ಮ, ಮುಗಿದಿಲ್ಲ. ಸುಬ್ಬಪ್ಪನ ಹೆಸರಲ್ಲಿ ಸುಳ್ಳು ಹೇಳಿದ್ರಲ್ಲ, ಅದಕ್ಕೆ ತಪ್ಪುಕಾಣಿಕೆ ಆಗ್ಬೇಕು."

"ಏನ್ ಬೇಕಾದ್ರೂ ಮಾಡ್ತೀವಿ ತಾಯಿ," ಎಂದರು ಕೋದಂಡರಾಮಯ್ಯ. "ಬೆಳ್ಳಿ ನಾಗಪ್ಪನ್ನ ಮಾಡಿಸ್ಲಾ?"

"ಬೆಳ್ಳಿ ನೀನು ಕೊಡ್ತೀಯ, ಅವನಿಗೇನು ಕಷ್ಟ? ಹುಡುಗನೇ ತೀರಿಸ್ಬೇಕು. ಇವತ್ತಿಂದ ತಾಳಿ ಕಟ್ಟೋಗಂಟ ಅವನು ಮೌಸ್ ಹಿಡ್ಕೊಂಡೇ ಕೆಲ್ಸ ಮಾಡ್ಬೇಕು. ಕೀ ಒತ್ತಿ ಅಕ್ಷರ ಬರ್ಕೊಳ್ಲಿ, ಮಿಕ್ಕಿದ್ದೆಲ್ಲ ಮೌಸೇ."

ಶಶಿಕುಮಾರ ಕೈಮುಗಿದ. "ಮೌಸ್‌ನಲ್ಲಾ? ಸೇವ್ ಮಾಡೋಕೂನಾ ಅಜ್ಜಿ?"

"ಅದಕ್ಕೂ."

"ಕಾಪಿ ಮಾಡೋಕೆ?"

"ಹೂಂ, ಅದೇನೋ ಅದಕ್ಕೂ."

ಪಕ್ಕದ ಮನೆಯಿಂದ ಮೌಸ್ ವಾಪಸ್ ಬಂತು. ಅಜ್ಜಿ ಅದಕ್ಕೆ ಕುಂಕುಮವಿಟ್ಟು ಅವನ ಕೈಗೆ ಕೊಟ್ಟರು. ಅವನು ಅದನ್ನು ಹಿಡಿದುಕೊಂಡ ರೀತಿ ನೋಡಿ ಮೇಘನ ತುಟಿ ಕಚ್ಚಿಕೊಂಡಳು. ಅಪಾಯ ಕಳೆಯಿತೆಂದು ಖಾತ್ರಿಯಾದ ಮೇಲೆ ಚಿನ್ನಸ್ವಾಮಿ ಗೇಟಿನಿಂದ ಹಿಂತಿರುಗಿ ಬಂದು ಚೀಲದಿಂದ ಪಂಚಾಂಗ ತೆಗೆದ.

"ಈಗ ಜ್ಯೇಷ್ಠ ಮುಗೀತಾ ಬಂತು, ಮುಂದೆ ಆಷಾಢ, ಅದ್ರಾಗೆ ಮಾಡಂಗಿಲ್ಲ. ಶ್ರಾವಣದಾಗೆ ಒಂದೆರಡು ಅವೆ. ಸಾವಕಾಶವಾಗಿ ಕಾರ್ತಿಕಕ್ಕೆ ಇಟ್ಕೊಂಡ್ರೆ ಭರ್ಜರಿ ಮುಹೂರ್ತ."

"ಕಾರ್ತಿಕನಾ!" ಶಶಿಕುಮಾರ ಮೌಸ್ ಸಮೇತ ಎದ್ದು ನಿಂತ. ಕಾರ್ತಿಕದವರೆಗೆ ದಿನವೂ, ಒಂದೊಂದು ಸಾಲಿಗೂ, ಈ ಇಲಿಮರಿಯನ್ನು ಎಳೆದಾಡುವುದೇ? "ಈ ತಿಂಗಳೇ ಯಾವ್ದೂ ಇಲ್ವಾ ಚಿನ್ನಸ್ವಾಮಣ್ಣ? ಸರಿಯಾಗ್ ನೋಡಿ! ಛತ್ರ ಬೇಡ, ಬ್ಯಾಂಡ್ ಬೇಡ, ಘಾಟೀಲೇ ಕಟ್ಬಿಡ್ತೀನಿ. ಬರೋ ವಾರ? ಈ ವಾರ?"

ಹಜಾರದ ಹೆಂಚು ಹಾರಿಹೋಗುವ ಹಾಗೆ ಎಲ್ಲರೂ ನಕ್ಕರು. ಸುನಿಲ್‌ಕುಮಾರ್ ಸಹ ನಕ್ಕ. ಅಕ್ಕಯ್ಯಮ್ಮ ಹೆಮ್ಮೆಯಿಂದ ಸುತ್ತಲೂ ನೋಡಿ, "ಕಂಡ್ರಾ, ನನ್ ಮೊಮ್ಮಗಳನ್ನ ಬಿಟ್ಟು ಒಂದು ಘಳಿಗೆ ಇರಕ್ಕಾಗ್ತಿಲ್ಲ ಹುಡುಗಂಗೆ!" ಎಂದರು.

ಅವನ ಆತುರ ಯಾತಕ್ಕೆಂದು ಆ ಮನೆಯಲ್ಲಿ ಇನ್ನೊಬ್ಬರಿಗೆ ಮಾತ್ರ ಗೊತ್ತಿತ್ತು. ಮೇಘನ ಜಾರಿದ ಮಲ್ಲಿಗೆಯನ್ನು ಸರಿಯಾಗಿ ಮುಡಿದುಕೊಂಡು, ಕಾಫಿ ಲೋಟ ತಂದು ಅವನ ಮುಂದೆ ಹಿಡಿದು, ಬಹಳ ವಿನಯದಿಂದ ಹೇಳಿದಳು:

"ಕಾರ್ತಿಕದಲ್ಲೇ ಆಗ್ಲಿ ಅಜ್ಜಿ. ಅಂಥಾ ಆತುರ ಏನಿದೆ?"